ದಾರಿಯ ಬದಿಯಲ್ಲಿ ನಿಂತವರು



ಶಾಲೆಯ ಸ್ಮರಣ ಸಂಚಿಕೆಯೆಂದರೆ ಪರೀಕ್ಷೆಗಳಲ್ಲಿ ತೇರ್ಗಡೆಯಾದವರ ಸಂಖ್ಯೆ, ಬಹುಮಾನ ಪಡೆದವರ ಹೆಸರು, ಅಗಲಿಹೋದ ಉಪಾಧ್ಯಾಯಿನಿಯರ ಸ್ಮರಣೆ, ಇವುಗಳಿಗೆ ಮೀಸಲಾದ ಸ್ಥಳವೆಂಬುದು ವಾಡಿಕೆ. ಅವೆಲ್ಲವೂ ಇರತಕ್ಕವೇ. ಆದರೆ ಈ ಸಾರಿ ಸಂಪಾದಕರ ಅಪ್ಪಣೆಯನ್ನು ಪಡೆದು, ದೂರದೇಶದ ಒಂದು ಊರಿನ ರಸ್ತೆಯ ಮೇಲೆ ನೂರಿಪ್ಪತ್ತು ವರ್ಷಗಳಿಗೂ ಮೇಲ್ಪಟ್ಟು ನಡೆದುಬಂದಿರುವ ಓಟದ ಪಂದ್ಯವೊಂದರ ಚರಿತ್ರೆಯನ್ನು ತಮ್ಮ ಮುಂದಿಡಬೇಕೆಂದಿದ್ದೇನೆ. ಆ ಓಟಕ್ಕೂ ನಮ್ಮ ಹೆಣ್ಣುಮಕ್ಕಳ ಶಾಲೆಗೂ ಏನು ಸಂಬಂಧವೆಂದು ಕೇಳುವವರಿಗೆ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಆರನೆಯ ತರಗತಿಯವರೆಗೆ ಜಿಂಕೆಯಂತೆ ಓಡುತ್ತಿದ್ದ ನಮ್ಮ ಹುಡುಗಿಯರು ಹತ್ತನೆಯ ತರಗತಿಗೆ ಬರುವಷ್ಟರಲ್ಲಿ ಆಟದ ಬಯಲಿನ ಅಂಚಿಗೆ ಸರಿದು, ಕೈಕಟ್ಟಿ ನಿಂತು, ಇನ್ನೊಬ್ಬರ ಆಟಕ್ಕೆ ಚಪ್ಪಾಳೆ ತಟ್ಟುವವರಾಗುತ್ತಾರೆ. ಇದು ಪ್ರಕೃತಿಯ ನಿಯಮವೋ, ನಾವು ಮಾಡಿದ ನಿಯಮವೋ ಎಂಬುದನ್ನು ವಿಚಾರಿಸುವುದಕ್ಕೆ ಆ ಓಟದ ಚರಿತ್ರೆಯಷ್ಟು ಸ್ಪಷ್ಟವಾದ ನಿದರ್ಶನ ಬೇರೊಂದು ನನಗೆ ದೊರೆತಿಲ್ಲ.

ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಪೂರ್ವ ತೀರದಲ್ಲಿರುವ ಬಾಸ್ಟನ್ ನಗರದಲ್ಲಿ 1887ರಲ್ಲಿ ಬಾಸ್ಟನ್ ಅಥ್ಲೆಟಿಕ್ ಅಸೋಸಿಯೇಷನ್ ಎಂಬ ವ್ಯಾಯಾಮ ಸಂಘವು ಸ್ಥಾಪಿತವಾಯಿತು. 1896ರಲ್ಲಿ ಅಥೆನ್ಸ್ ಪಟ್ಟಣದಲ್ಲಿ ಒಲಿಂಪಿಕ್ ಕ್ರೀಡೆಗಳು ಮತ್ತೆ ಆರಂಭವಾದಾಗ, ಮ್ಯಾರಥಾನ್ ಬಯಲಿನಿಂದ ಅಥೆನ್ಸಿನವರೆಗೆ ಒಂದು ದೀರ್ಘವಾದ ಓಟವನ್ನು ಏರ್ಪಡಿಸಿದ್ದರು. ಪಾರಸಿಕರ ಸೈನ್ಯವು ಸೋತ ಶುಭವಾರ್ತೆಯನ್ನು ಹೊತ್ತು ಅಷ್ಟು ದೂರ ಓಡಿಬಂದು, ವಾರ್ತೆಯನ್ನು ಹೇಳಿ ಪ್ರಾಣಬಿಟ್ಟನೆನ್ನಲಾದ ಗ್ರೀಕ್ ದೂತನ ಐತಿಹ್ಯವೇ ಅದಕ್ಕೆ ಮೂಲ. ಅಮೆರಿಕಾದ ತಂಡದೊಡನೆ ಮೇಲ್ವಿಚಾರಕನಾಗಿ ಹೋಗಿದ್ದ ಜಾನ್ ಗ್ರಹಾಮ್ ಎಂಬ ಸಂಘದ ಗೃಹಸ್ಥನು ಅದನ್ನು ಕಣ್ಣಾರೆ ಕಂಡು, ತನ್ನ ಊರಿನಲ್ಲಿಯೂ ಇಂಥದೊಂದು ನಡೆಯಬೇಕೆಂದು ಸಂಕಲ್ಪಿಸಿದನು. ಅದರ ಫಲವಾಗಿ 1897ನೆಯ ಇಸವಿ ಏಪ್ರಿಲ್ 19ರಂದು, ಅಂದರೆ 1775ರ ಸ್ವಾತಂತ್ರ್ಯ ಯುದ್ಧದ ಮೊದಲ ಕಾಳಗಗಳ ನೆನಪಿಗಾಗಿ ಆ ಪ್ರಾಂತದವರು ಆಚರಿಸುವ ದೇಶಭಕ್ತರ ದಿನದಂದು, ಬಾಸ್ಟನ್ನಿನ ಮೊದಲನೆಯ ಮ್ಯಾರಥಾನ್ ಓಟವು ನಡೆಯಿತು. ಆಶ್‌ಲೆಂಡ್ ಎಂಬ ಗ್ರಾಮದಿಂದ ಹೊರಟವರು ಕೇವಲ 15 ಮಂದಿ. ಇಪ್ಪತ್ತನಾಲ್ಕೂವರೆ ಮೈಲಿಗಳ ಆ ದಾರಿಯನ್ನು ಕೊನೆಮುಟ್ಟಿಸಿದವರು 10 ಮಂದಿ. ನ್ಯೂಯಾರ್ಕಿನ ಜಾನ್ ಮೆಕ್‌ಡರ್ಮಟ್ ಎಂಬಾತನು 2 ಗಂಟೆ 55 ನಿಮಿಷ 10 ಸೆಕೆಂಡುಗಳಲ್ಲಿ ಗುರಿಯನ್ನು ಮುಟ್ಟಿ ಪ್ರಥಮನಾದನು.

ಅಂದಿನಿಂದ ಆ ಓಟವು ಊರಿನ ಜಾತ್ರೆಯಂತೆ ವರ್ಷವರ್ಷವೂ ನಡೆದುಬಂದಿದೆ. 1918ರಲ್ಲಿ ಯುದ್ಧದ ನಿಮಿತ್ತ ಸೈನಿಕರ ತಂಡಗಳ ಓಟವಾಗಿ ಮಾರ್ಪಟ್ಟಿತು. 2020ರಲ್ಲಿ ಸಾಂಕ್ರಾಮಿಕ ರೋಗದ ಕಾರಣ ರಸ್ತೆಯ ಮೇಲಿನ ಓಟವು ನಡೆಯಲಿಲ್ಲ. 1924ರಲ್ಲಿ ಹೊರಡುವ ಸ್ಥಳವು ಹಾಪ್ಕಿಂಟನ್ ಎಂಬ ಹಳ್ಳಿಗೆ ಬದಲಾಯಿತು. 1927ರ ಹೊತ್ತಿಗೆ ದಾರಿಯ ಉದ್ದವು 26 ಮೈಲಿ 385 ಗಜವೆಂದು ಸ್ಥಿರವಾಯಿತು. 1969ರಿಂದ ಏಪ್ರಿಲ್ ತಿಂಗಳ ಮೂರನೆಯ ಸೋಮವಾರ ಅದರ ದಿನ. ಎಷ್ಟೋ ವರ್ಷಗಳ ಕಾಲ ಗೆದ್ದವರಿಗೆ ಹಣದ ಆಸೆಯೆಂಬುದೇ ಇರಲಿಲ್ಲ. ಹಣದ ಬಹುಮಾನವು ಪ್ರಾರಂಭವಾದದ್ದು 1986ರಲ್ಲಿ. ಅಲ್ಲಿಯವರೆಗೆ ಓಡಿದವರು ಹಗಲೆಲ್ಲ ದುಡಿದು ಹೊಟ್ಟೆ ಹೊರೆಯುವ ಸಾಮಾನ್ಯ ಜನರು. ಏಳು ಬಾರಿ ಗೆದ್ದ ಕ್ಲಾರೆನ್ಸ್ ಡಿಮಾರ್ ಎಂಬಾತನು ಅಚ್ಚಿನ ಕೆಲಸದವನು. ಹೃದಯದ ಬಡಿತ ಸರಿಯಿಲ್ಲವೆಂದು ವೈದ್ಯರು ಎಚ್ಚರಿಸಿದ್ದ 1911ರಲ್ಲಿಯೇ ಆತನು ಮೊದಲ ಸಾರಿ ಗೆದ್ದನು. ಏಳನೆಯ ಸಾರಿ ಗೆದ್ದದ್ದು 1930ರಲ್ಲಿ. ಜಾನ್ ಕೆಲಿ ಎಂಬಾತನು 1935ರಲ್ಲಿಯೂ 1945ರಲ್ಲಿಯೂ ಗೆದ್ದು, ತನ್ನ 84ನೆಯ ವಯಸ್ಸಿನಲ್ಲಿ, 1992ರಲ್ಲಿ, 61ನೆಯ ಬಾರಿಗೆ ಆ ದಾರಿಯಲ್ಲಿ ಓಡಿದನು.

ಈ ಕೆಲಿಯ ಸಂಗತಿಯೊಂದನ್ನು ಹೇಳದೆ ಮುಂದೆ ಹೋಗಲಾರೆ. ಇಪ್ಪತ್ತು ಮೈಲಿ ಕಳೆದ ಮೇಲೆ, ಕಾಲು ಸೋತಿರುವ ಸಮಯದಲ್ಲಿಯೇ, ದಾರಿಯಲ್ಲಿ ಒಂದು ಏರು ಬರುತ್ತದೆ. 1936ರಲ್ಲಿ ಕೆಲಿಯು ಅಲ್ಲಿ ಮುಂದಿದ್ದವನನ್ನು ಸಮೀಪಿಸಿ, ಪಾಪ, ಇವನ ಕೆಲಸ ಮುಗಿಯಿತೆಂಬಂತೆ ಬೆನ್ನು ತಟ್ಟಿ ದಾಟಿಹೋದನು. ಆ ಮುಂದಿದ್ದವನು ಎಲಿಸನ್ ಬ್ರೌನ್ ಎಂಬ ನಾರಗ್ಯಾನ್ಸೆಟ್ ಆದಿವಾಸಿ ಕುಲದ ಬಡ ಯುವಕ. ಬೆನ್ನು ತಟ್ಟಿಸಿಕೊಂಡ ಆತನು ಹೊಸ ಚೈತನ್ಯದಿಂದ ಎದ್ದು ಓಡಿ ಪಂದ್ಯವನ್ನೇ ಗೆದ್ದನು. ಕೆಲಿಯ ಎದೆ ಒಡೆಯಿತು. ಅಂದಿನಿಂದ ಆ ಏರಿಗೆ ಎದೆಯೊಡೆಯುವ ಗುಡ್ಡವೆಂಬ ಅರ್ಥದ ಹಾರ್ಟ್‌ಬ್ರೇಕ್ ಹಿಲ್ ಎಂಬ ಹೆಸರು ನಿಂತಿದೆ. ಇನ್ನೊಬ್ಬರ ಶಕ್ತಿಯನ್ನು ಅವರ ಬೆನ್ನು ನೋಡಿ ಅಳೆಯಬಾರದೆಂಬುದು ಆ ಗುಡ್ಡದ ಪಾಠ. ಆದರೆ ಆ ಪಾಠವನ್ನು ಪಂದ್ಯವನ್ನು ನಡೆಸುತ್ತಿದ್ದವರೇ ಕಲಿಯುವುದಕ್ಕೆ ಇನ್ನೂ ಮೂವತ್ತಾರು ವರ್ಷಗಳು ಹಿಡಿದುವು. ಅದು ಹೇಗೆಂಬುದನ್ನು ಹೇಳುವುದೇ ನನ್ನ ಉದ್ದೇಶ.

ದಾರಿಯ ಅರ್ಧವು ಮುಗಿಯುವುದಕ್ಕೆ ತುಸು ಮೊದಲು ವೆಲ್ಸ್‌ಲಿ ಎಂಬ ಊರು ಸಿಕ್ಕುತ್ತದೆ. ಅಲ್ಲಿ 1875ರಲ್ಲಿ ಪಾಠ ಪ್ರಾರಂಭಿಸಿದ ಸ್ತ್ರೀಯರ ಕಾಲೇಜೊಂದುಂಟು. ಸೇವೆ ಮಾಡಿಸಿಕೊಳ್ಳುವುದಕ್ಕಲ್ಲ, ಸೇವೆ ಮಾಡುವುದಕ್ಕೆ ಎಂಬರ್ಥದ ಅದರ ಧ್ಯೇಯವಾಕ್ಯವು ಮತ್ತಾಯನ ಸುವಾರ್ತೆಯಿಂದ ಬಂದದ್ದು. ನಮ್ಮಂಥ ಶಾಲೆಯಲ್ಲಿ ಓದಿದವರಿಗೆ ಅದರ ಭಾವವು ಅಪರಿಚಿತವಲ್ಲ. ಸ್ಥಾಪಕರಾದ ಡ್ಯುರಂಟ್ ದಂಪತಿಗಳು ಹೆಣ್ಣುಮಕ್ಕಳ ದೇಹಾರೋಗ್ಯವನ್ನು ಕಡೆಗಣಿಸಿದವರಲ್ಲ. ಮೊದಲಿನಿಂದಲೂ ಅಲ್ಲಿನ ವಿದ್ಯಾರ್ಥಿನಿಯರು ಕಾಲೇಜಿನ ಸರೋವರದಲ್ಲಿ ದೋಣಿಗೆ ಹುಟ್ಟು ಹಾಕುತ್ತಿದ್ದರು. 1897ರ ಮೊದಲನೆಯ ಓಟದಂದೇ ಈ ತರುಣಿಯರು ರಸ್ತೆಯ ಬದಿಗೆ ಬಂದು ನಿಂತು, ದಣಿದು ಬರುವ ಓಟಗಾರರನ್ನು ಕೂಗಿ ಹುರಿದುಂಬಿಸಿದರು. ಆ ಸಂಪ್ರದಾಯವು ಈಗಲೂ ನಡೆದಿದೆ. ಅವರ ಕೂಗು ಬಹುದೂರದಿಂದಲೇ ಕೇಳಿಸುತ್ತದೆಂದು ಓಡಿದವರು ಹೇಳುತ್ತಾರೆ. ಒಳ್ಳೆಯ ಸಂಪ್ರದಾಯವೇ ಸರಿ. ಆದರೆ ಯೋಚಿಸಿ ನೋಡಿ: 1897ರಿಂದ 1966ರವರೆಗೆ ಅರುವತ್ತೊಂಬತ್ತು ವರ್ಷಗಳ ಕಾಲ, ಅಷ್ಟು ವಿದ್ಯಾವತಿಯರಾದ, ಅಷ್ಟು ಆರೋಗ್ಯವಂತರಾದ ಹೆಣ್ಣುಮಕ್ಕಳು ಆ ರಸ್ತೆಯ ಬದಿಯಲ್ಲಿ ನಿಂತರು, ರಸ್ತೆಗೆ ಒಬ್ಬಳೂ ಇಳಿಯಲಿಲ್ಲ.

ಇಳಿಯಕೂಡದೆಂಬುದಕ್ಕೆ ಹೇಳುತ್ತಿದ್ದ ಕಾರಣವೇನು? ಸ್ತ್ರೀಯ ದೇಹವು ಅಷ್ಟು ದೂರದ ಓಟವನ್ನು ಸಹಿಸಲಾರದೆಂಬುದು. ಇದನ್ನು ಪರೀಕ್ಷಿಸಿ ನೋಡಿದವರು ಯಾರು? ಯಾರೂ ಇಲ್ಲ. 1928ರಲ್ಲಿ ಆಮ್‌ಸ್ಟರ್‌ಡಾಮಿನ ಒಲಿಂಪಿಕ್ ಕ್ರೀಡೆಗಳಲ್ಲಿ ಸ್ತ್ರೀಯರಿಗೆ 800 ಮೀಟರ್ ಓಟವನ್ನು ಇಟ್ಟಿದ್ದರು. ಅಂತಿಮ ಸ್ಪರ್ಧೆಯಲ್ಲಿ ಓಡಿದ ಒಂಬತ್ತು ಮಂದಿಯೂ ಗುರಿಯನ್ನು ಮುಟ್ಟಿದರು. ಜರ್ಮನಿಯ ಲೀನಾ ರಾಡ್ಕೆಯು ಹೊಸ ದಾಖಲೆಯನ್ನೇ ಸ್ಥಾಪಿಸಿದಳು. ಓಟ ಮುಗಿದ ಮೇಲೆ ಆಯಾಸಗೊಂಡು ಕೆಲವರು ಹುಲ್ಲಿನ ಮೇಲೆ ಒರಗಿದ್ದನ್ನು ಕಂಡ ವೃತ್ತಪತ್ರಿಕೆಗಳವರು, ಹೆಂಗಸರು ಸತ್ತೇಹೋದರೆಂಬಂತೆ ಬರೆದುಬಿಟ್ಟರು. ಗಂಡಸು ಓಡಿ ಬಿದ್ದರೆ ಶೂರನೆಂದು, ಹೆಂಗಸು ಓಡಿ ಕುಳಿತರೆ ಅಬಲೆಯೆಂದು ಹೇಳುವ ನಾಲಗೆ ಎಲ್ಲ ದೇಶಗಳಲ್ಲಿಯೂ ಒಂದೇ! ಅದರ ಪರಿಣಾಮವಾಗಿ 1960ರವರೆಗೆ ಒಲಿಂಪಿಕ್ಕಿನಲ್ಲಿ ಸ್ತ್ರೀಯರಿಗೆ ಆ ಅರ್ಧ ಮೈಲಿಯ ಓಟವೂ ಇಲ್ಲವಾಯಿತು. ಅರ್ಧ ಮೈಲಿಗೇ ಹೀಗಾದರೆ ಇಪ್ಪತ್ತಾರು ಮೈಲಿಯ ಮಾತನ್ನು ಎತ್ತುವವರು ಯಾರು?

ಎತ್ತಿದವಳು ರಾಬರ್ಟಾ ಗಿಬ್ ಎಂಬ ಇಪ್ಪತ್ತಮೂರು ವರ್ಷದ ತರುಣಿ. ತಂದೆಯೊಡನೆ ಈ ಓಟವನ್ನು ನೋಡಿದಂದಿನಿಂದ ತಾನೂ ಓಡಬೇಕೆಂಬ ಹಂಬಲವು ಆಕೆಯನ್ನು ಹಿಡಿದಿತ್ತು. ಎರಡು ವರ್ಷ ತಾನಾಗಿಯೇ ಅಭ್ಯಾಸ ಮಾಡಿದಳು. ಹೆಂಗಸರಿಗೆಂದು ಓಟದ ಬೂಟುಗಳೇ ಇಲ್ಲದ ಕಾಲವಾದುದರಿಂದ ದಾದಿಯರು ಮೆಟ್ಟುವ ಪಾದರಕ್ಷೆಗಳಲ್ಲಿ ಓಡಿದಳು. 1966ರಲ್ಲಿ ಅರ್ಜಿಯನ್ನು ಕಳುಹಿಸಿದಾಗ, ಸ್ತ್ರೀಯರಿಗೆ ಆ ದೂರವನ್ನು ಓಡುವ ದೇಹಶಕ್ತಿಯಿಲ್ಲವೆಂದು ಉತ್ತರ ಬಂದಿತು. ಆಕೆ ಪಶ್ಚಿಮ ತೀರದ ಸ್ಯಾನ್ ಡಿಯಾಗೋ ನಗರದಿಂದ ಹಗಲಿರುಳು ಬಸ್ಸಿನಲ್ಲಿ ಪ್ರಯಾಣಮಾಡಿ, ಬಾಸ್ಟನ್ನಿನ ಸಮೀಪದ ತನ್ನ ತೌರುಮನೆಯನ್ನು ಸೇರಿದಳು. ತಂದೆಗೆ ಮಗಳ ಬುದ್ಧಿ ಕೆಟ್ಟಿತೆಂಬ ಕಳವಳ. ತಾಯಿಯು ಮಾತ್ರ ಮಗಳನ್ನು ತಾನೇ ಕಾರಿನಲ್ಲಿ ಕೂರಿಸಿಕೊಂಡು ಹಾಪ್ಕಿಂಟನ್ನಿಗೆ ಕರೆದೊಯ್ದು ಬಿಟ್ಟಳು. ಅಣ್ಣತಮ್ಮಂದಿರ ಚಲ್ಲಣವನ್ನು ತೊಟ್ಟು, ತಲೆಮುಸುಕಿನ ಅಂಗಿಯಲ್ಲಿ ಮುಖವನ್ನು ಮರೆಮಾಡಿಕೊಂಡು, ಆಕೆ ಪೊದೆಯ ಮರೆಯಲ್ಲಿ ಕಾದಿದ್ದು ಓಟಗಾರರ ಗುಂಪನ್ನು ಸೇರಿಕೊಂಡಳು. ಹಿಂದೆ ಓಡುತ್ತಿದ್ದ ಗಂಡಸರಿಗೆ ಇವಳು ಹೆಣ್ಣೆಂಬುದು ಬೇಗನೆ ಗೊತ್ತಾಯಿತು. ಅವರು ದೂಡಲಿಲ್ಲ, ಹಾಸ್ಯಮಾಡಲಿಲ್ಲ; ನಿನ್ನನ್ನು ಯಾರೂ ಹೊರಗೆಳೆಯದಂತೆ ನಾವು ನೋಡಿಕೊಳ್ಳುತ್ತೇವೆಂದು ಧೈರ್ಯ ಹೇಳಿದರು. ಇದನ್ನೂ ನಾವು ಮರೆಯಬಾರದು.

ಹೆಂಗಸೊಬ್ಬಳು ಓಡಿಬರುತ್ತಿದ್ದಾಳೆಂಬ ಸುದ್ದಿಯು ಅವಳಿಗಿಂತ ಮುಂದಾಗಿ ವೆಲ್ಸ್‌ಲಿಯನ್ನು ಮುಟ್ಟಿತು. ಅಲ್ಲಿನ ವಿದ್ಯಾರ್ಥಿನಿಯರು ಕಂಡರು, ಕೂಗಿದರು, ಕುಣಿದರು, ಕೆಲವರು ಅತ್ತರು. ಅಂದು ಆ ಗುಂಪಿನಲ್ಲಿದ್ದ ಡಯಾನಾ ಚಾಪ್‌ಮನ್ ವಾಲ್ಷ್ ಎಂಬಾಕೆ ಮುಂದೆ ಅದೇ ಕಾಲೇಜಿನ ಅಧ್ಯಕ್ಷೆಯಾದಳು. ಆ ದಿನದ ನೆನಪನ್ನು ಬಹುಕಾಲದ ಮೇಲೂ ಹೇಳಿಕೊಂಡಳು. ರಾಬರ್ಟಾ ಗಿಬ್ 3 ಗಂಟೆ 21 ನಿಮಿಷ 40 ಸೆಕೆಂಡುಗಳಲ್ಲಿ ದಾರಿಯನ್ನು ಮುಗಿಸಿದಳು. ಓಡಿದ ಗಂಡಸರಲ್ಲಿ ಮೂರರಲ್ಲಿ ಎರಡು ಪಾಲು ಜನ ಅವಳ ಹಿಂದಿದ್ದರು. ಪ್ರಾಂತದ ಗವರ್ನರರು ಕೈಕುಲುಕಿದರು. ಆದರೆ ಪಂದ್ಯದ ದಾಖಲೆಯಲ್ಲಿ ಅವಳ ಹೆಸರು ಸೇರಲಿಲ್ಲ.

ಮರುವರ್ಷ, 1967ರಲ್ಲಿ, ಕ್ಯಾಥರೀನ್ ಸ್ವಿಟ್ಜರ್ ಎಂಬ ಕಾಲೇಜು ವಿದ್ಯಾರ್ಥಿನಿಯು ಹೆಸರಿನ ಮೊದಲಕ್ಷರಗಳನ್ನು ಮಾತ್ರ ಬರೆದು ಅರ್ಜಿಯಿತ್ತು, 261ನೆಯ ಸಂಖ್ಯೆಯನ್ನು ಪಡೆದಳು. ಅವಳಿಗೆ ಓಟವನ್ನು ಕಲಿಸಿದವನು ವಿಶ್ವವಿದ್ಯಾನಿಲಯದ ಅಂಚೆಯವನಾದ ಆರ್ನಿ ಬ್ರಿಗ್ಸ್. ಹೆಂಗಸರಿಗೆ ಇದು ಸಾಧ್ಯವಿಲ್ಲವೆಂದು ಆತನೂ ಮೊದಲು ವಾದಿಸಿದ್ದನು. ಅಭ್ಯಾಸದಲ್ಲಿ ಇಪ್ಪತ್ತಾರು ಮೈಲಿ ಮುಗಿದ ಮೇಲೆ ಇನ್ನೈದು ಮೈಲಿ ಓಡೋಣವೆಂದು ಅವಳು ಹೇಳಿ, ಓಡಿ ಮುಗಿಸಿದಾಗ, ಎಚ್ಚರದಪ್ಪಿ ಬಿದ್ದವನು ಗುರುವೇ ಹೊರತು ಶಿಷ್ಯೆಯಲ್ಲ! ಓಟದ ದಿನ, ದಾರಿಯ ಮೊದಲ ಮೈಲಿಗಳಲ್ಲಿ, ಜಾಕ್ ಸೆಂಪಲ್ ಎಂಬ ಪಂದ್ಯದ ಅಧಿಕಾರಿಯು ಮೋಟಾರಿನಿಂದ ಧುಮುಕಿ ಬಂದು ಅವಳ ಸಂಖ್ಯೆಯ ಚೀಟಿಯನ್ನು ಕಿತ್ತುಕೊಳ್ಳಲು ಕೈಹಾಕಿದನು. ಅವಳೊಡನೆ ಓಡುತ್ತಿದ್ದ ಸ್ನೇಹಿತನು ಆತನನ್ನು ಪಕ್ಕಕ್ಕೆ ತಳ್ಳಿದನು. ಛಾಯಾಚಿತ್ರಗಾರರ ಮೋಟಾರು ಎದುರಿಗೇ ಇದ್ದುದರಿಂದ ಆ ಚಿತ್ರವು ಲೋಕದಲ್ಲೆಲ್ಲ ಹರಡಿತು. ಅವಳು ಅಳುತ್ತಲೂ ಹೆದರುತ್ತಲೂ ಓಡಿ ಗುರಿಯನ್ನು ಮುಟ್ಟಿದಳು. ಸೆಂಪಲ್ ದುಷ್ಟನಲ್ಲ, ತನ್ನ ಪಂದ್ಯವನ್ನು ಪ್ರಾಣದಂತೆ ಪ್ರೀತಿಸುತ್ತಿದ್ದವನು, ನಿಯಮವನ್ನು ಕಾಯುತ್ತಿದ್ದೇನೆಂದು ನಂಬಿದ್ದವನು. ಕೆಲವು ವರ್ಷಗಳ ಮೇಲೆ ಆತನೂ ಅವಳೂ ಸ್ನೇಹಿತರಾದರು. ತಡೆಯುವವರು ಯಾವಾಗಲೂ ವೈರಿಗಳಾಗಿರುವುದಿಲ್ಲ; ಅನೇಕವೇಳೆ ಪ್ರೀತಿಯುಳ್ಳವರೇ ತಡೆಯುತ್ತಾರೆ. ತಾಯಿತಂದೆಗಳಾದ ನಾವು ಈ ಮಾತನ್ನು ವಿಶೇಷವಾಗಿ ಮನಸ್ಸಿಗೆ ತಂದುಕೊಳ್ಳತಕ್ಕದ್ದು.

1972ರಲ್ಲಿ ಬಾಗಿಲು ತೆರೆಯಿತು. ಆ ವರ್ಷ ಎಂಟು ಮಂದಿ ಸ್ತ್ರೀಯರು ನಿಯಮಬದ್ಧವಾಗಿ ಓಡಿದರು. ಎಂಟು ಮಂದಿಯೂ ಕೊನೆಮುಟ್ಟಿದರು. ನೀನಾ ಕುಸ್ಸಿಕ್ ಎಂಬಾಕೆ ಪ್ರಥಮಳಾದಳು. ಸಹಿಸಲಾರದೆಂದು ಎಪ್ಪತ್ತೈದು ವರ್ಷ ಹೇಳಿದ್ದ ಮಾತಿಗೆ ಒಂದೇ ಮಧ್ಯಾಹ್ನದಲ್ಲಿ ಎಂಟು ಉತ್ತರಗಳು! 1984ರಲ್ಲಿ ಒಲಿಂಪಿಕ್ಕಿನಲ್ಲಿಯೂ ಸ್ತ್ರೀಯರ ಮ್ಯಾರಥಾನ್ ಆರಂಭವಾಯಿತು; ಬಾಸ್ಟನ್ನಿನಲ್ಲಿ ಎರಡು ಬಾರಿ ಗೆದ್ದಿದ್ದ ಜೋನ್ ಬೆನ್ವಾ ಅದನ್ನು 2 ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಗೆದ್ದಳು. 1897ರ ಮೆಕ್‌ಡರ್ಮಟ್ಟನ ಓಟಕ್ಕಿಂತ ದಾರಿಯು ಒಂದೂಮುಕ್ಕಾಲು ಮೈಲಿ ಹೆಚ್ಚು, ಕಾಲವು ಅರ್ಧ ಗಂಟೆ ಕಡಮೆ. 1996ರಲ್ಲಿ, ನೂರನೆಯ ಓಟದ ಸಂದರ್ಭದಲ್ಲಿ, ರಾಬರ್ಟಾ ಗಿಬ್ಬಳನ್ನು 1966, 1967, 1968ರ ವಿಜೇತೆಯೆಂದು ಸಂಘವು ಅಂಗೀಕರಿಸಿತು. 2013ರಲ್ಲಿ ಗುರಿಯ ಬಳಿ ದುಷ್ಕರ್ಮಿಗಳು ಇಟ್ಟ ಬಾಂಬುಗಳಿಂದ ಮೂವರು ಸತ್ತು ನೂರಾರು ಮಂದಿ ಗಾಯಗೊಂಡಾಗಲೂ, ಮರುವರ್ಷ ಓಡುವವರೂ ನೋಡುವವರೂ ಹಿಂಜರಿಯದೆ ಅದೇ ರಸ್ತೆಗೆ ಬಂದರು. 2017ರಲ್ಲಿ ಕ್ಯಾಥರೀನ್ ಸ್ವಿಟ್ಜರ್ ಎಪ್ಪತ್ತನೆಯ ವಯಸ್ಸಿನಲ್ಲಿ ಅದೇ 261ನೆಯ ಸಂಖ್ಯೆಯನ್ನು ಧರಿಸಿ ಮತ್ತೆ ಓಡಿದಳು.

ಇಷ್ಟು ಚರಿತ್ರೆ. ಇನ್ನು ನಮ್ಮ ಮಾತು.

ಹೆಂಗಸಿಗೆ ಇದು ಆಗದು ಎಂಬ ಮಾತನ್ನು ನಮ್ಮ ನಾಡು ಬೇರೆ ಬೇರೆ ವಿಷಯಗಳಲ್ಲಿ ಕೇಳಿದೆ. ಪಂಡಿತೆ ರಮಾಬಾಯಿಯವರ ತಂದೆ ಅನಂತಶಾಸ್ತ್ರಿಗಳು ತಮ್ಮ ಪತ್ನಿಗೆ ಸಂಸ್ಕೃತವನ್ನು ಕಲಿಸಿದ್ದಕ್ಕಾಗಿ ಜನರ ವಿರೋಧಕ್ಕೆ ಗುರಿಯಾಗಿ, ನಮ್ಮ ಪಶ್ಚಿಮ ಘಟ್ಟದ ಕಾಡನ್ನು ಸೇರಬೇಕಾಯಿತು. 1858ರಲ್ಲಿ ರಮಾಬಾಯಿಯವರು ಹುಟ್ಟಿದ್ದು ಆ ಕಾಡಿನಲ್ಲಿಯೇ. ಅದೇ ರಮಾಬಾಯಿಯವರು ಅಮೆರಿಕಾಕ್ಕೆ ಹೋಗಿ ವಿಧವೆಯರ ವಿದ್ಯಾಭ್ಯಾಸಕ್ಕಾಗಿ ಸಹಾಯವನ್ನು ಯಾಚಿಸಿದಾಗ, ಅವರ ಹೆಸರಿನ ಸಂಘವು ಸ್ಥಾಪಿತವಾದದ್ದು ಬಾಸ್ಟನ್ನಿನಲ್ಲಿ, 1887ರಲ್ಲಿ. ಓಟವನ್ನು ನಡೆಸುವ ಸಂಘವೂ ಆ ಊರಿನಲ್ಲಿ ಅದೇ ವರ್ಷ ಹುಟ್ಟಿತೆಂಬುದನ್ನು ಮೇಲೆ ಹೇಳಿದ್ದೇನೆ. ನಮ್ಮ ಹೆಣ್ಣುಮಕ್ಕಳು ಓದಬಲ್ಲರೆಂದು ನಂಬಿ ಹಣವನ್ನು ಕೂಡಿಸಿದ ಊರೇ ತನ್ನ ಹೆಣ್ಣುಮಕ್ಕಳು ಓಡಬಲ್ಲರೆಂದು ನಂಬುವುದಕ್ಕೆ ಎಂಬತ್ತೈದು ವರ್ಷ ತೆಗೆದುಕೊಂಡಿತು. ಆದುದರಿಂದ ಯಾವ ಊರೂ ಇನ್ನೊಂದನ್ನು ನೋಡಿ ನಗಬೇಕಾಗಿಲ್ಲ. ಒಂದು ಬಾಗಿಲನ್ನು ತೆರೆದವರು ಇನ್ನೊಂದನ್ನು ಮುಚ್ಚಿಟ್ಟಿರಬಹುದು. ನಾವೂ ಹಾಗೆಯೇ ಇದ್ದೇವೆ. ಮಗಳನ್ನು ವೈದ್ಯೆಯಾಗಲಿ, ಇಂಜಿನಿಯರಾಗಲಿ ಎಂದು ಓದಿಸುವ ನಾವೇ, ಅವಳು ದೊಡ್ಡವಳಾದ ಮರುದಿನದಿಂದ, ಇನ್ನು ಹುಡುಗರ ಹಾಗೆ ಓಡಬೇಡವೆನ್ನುತ್ತೇವೆ. ಹತ್ತನೆಯ ತರಗತಿಗೆ ಬಂದೊಡನೆ ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡಿರೆಂದು ಮುಖ್ಯೋಪಾಧ್ಯಾಯಿನಿಯವರನ್ನು ಕೇಳುವವರೂ ನಾವೇ.

ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಪಬ್ಲಿಕ್ ಪರೀಕ್ಷೆ ಸಮೀಪಿಸಿದೆಯೆಂಬುದು ಒಂದು. ನಿಜ, ಆದರೆ ವಾರಕ್ಕೆ ಎರಡು ಗಂಟೆಯ ಆಟವನ್ನು ಕಿತ್ತುಕೊಂಡು ಉಳಿಸಿದ ಹೊತ್ತೆಲ್ಲವೂ ಪುಸ್ತಕಕ್ಕೇ ಸಲ್ಲುತ್ತದೆಯೆ ಎಂಬುದನ್ನು ಪ್ರತಿಯೊಬ್ಬ ತಾಯಿಯೂ ತನ್ನ ಮನೆಯಲ್ಲಿ ನೋಡಿ ಹೇಳಲಿ. ದೇಹಕ್ಕೆ ಅಪಾಯವೆಂಬುದು ಇನ್ನೊಂದು. ಎಲ್ಲ ಹುಡುಗಿಯರೂ ಇಪ್ಪತ್ತಾರು ಮೈಲಿ ಓಡಲೆಂದು ನಾನು ಹೇಳುತ್ತಿಲ್ಲ. ಬೆಳೆಯುವ ಮಕ್ಕಳಿಗೆ ಒಂದೆರಡು ಮೈಲಿ ಸಾಕು. ಖಾಯಿಲೆಯುಳ್ಳವಳಿಗೆ ವೈದ್ಯರ ಮಾತೇ ಪ್ರಮಾಣ. ಆದರೆ ವೈದ್ಯರನ್ನು ಕೇಳದೆ, ಮಗಳನ್ನೂ ಕೇಳದೆ, ಹೆಣ್ಣೆಂಬ ಒಂದೇ ಕಾರಣದಿಂದ ಬೇಡವೆನ್ನುವುದು 1966ರ ಆ ಉತ್ತರದ ಪ್ರತಿಯೇ ಅಲ್ಲವೆ? ಮೂರನೆಯದು ಎಲ್ಲಕ್ಕಿಂತ ಕಠಿಣವಾದದ್ದು: ನಮ್ಮ ರಸ್ತೆಗಳು ಹೆಣ್ಣುಮಕ್ಕಳು ಓಡುವಂತಿಲ್ಲ, ವಾಹನಗಳ ಹಾವಳಿ, ಪುಂಡರ ಕಣ್ಣು. ಇದು ನಿಜವಾದ ಭಯ. ಆದರೆ ಹೆಣ್ಣುಮಕ್ಕಳು ಕಾಣಿಸದ ರಸ್ತೆಯು ಅವರಿಗೆ ಎಂದಾದರೂ ಕ್ಷೇಮವಾದೀತೆ? ರಸ್ತೆಯನ್ನು ಪುಂಡರಿಗೆ ಬಿಟ್ಟುಕೊಟ್ಟು ಮಗಳನ್ನು ಒಳಗಿಡುವುದಕ್ಕಿಂತ, ಅವಳೊಡನೆ ನಾವೂ ಹೊರಗೆ ಬರುವುದು ಲೇಸು. ರಾಬರ್ಟಾ ಗಿಬ್ಬಳಿಗೆ ಬಲವಾದದ್ದು ಅವಳ ಕಾಲು ಮಾತ್ರವಲ್ಲ. ಹಾಪ್ಕಿಂಟನ್ನಿನವರೆಗೆ ಕಾರನ್ನು ನಡೆಸಿದ ತಾಯಿಯೊಬ್ಬಳೂ ಇದ್ದಳು. ಗುಂಪಿನಲ್ಲಿ ಕಾವಲು ನಿಂತ ಅಣ್ಣತಮ್ಮಂದಿರಂಥ ಓಟಗಾರರೂ ಇದ್ದರು.

ಆದುದರಿಂದ ನನ್ನ ವಿನಂತಿಗಳು ಎರಡೇ. ಮೊದಲನೆಯದು ಪೋಷಕರಲ್ಲಿ: ಹತ್ತನೆಯ ತರಗತಿಯ ಹುಡುಗಿಯರ ಆಟದ ಗಂಟೆಯನ್ನು ಮುಟ್ಟಬೇಡಿರಿ; ಯಾರಾದರೂ ಮುಟ್ಟಿದರೆ ಅವಳ ಪರವಾಗಿ ಶಾಲೆಗೆ ಬಂದು ಕೇಳಿರಿ. ಎರಡನೆಯದು ಹಳೆಯ ವಿದ್ಯಾರ್ಥಿನಿಯರಲ್ಲಿ: ಶಾಲೆಯ ವಾರ್ಷಿಕೋತ್ಸವದ ಬೆಳಿಗ್ಗೆ, ಬಿಸಿಲೇರುವ ಮುಂಚೆ, ಶಾಲೆಯ ಗೇಟಿನಿಂದ ಹೊರಟು ಊರನ್ನು ಒಂದು ಸುತ್ತು ಬಳಸಿ ಬರುವ ಎರಡು ಮೈಲಿಯ ಓಟವೊಂದನ್ನು ನಡೆಸೋಣ. ಚಿಕ್ಕವರು ಓಡಲಿ, ನಮ್ಮಂಥವರು ಸೀರೆಯ ಸೆರಗನ್ನು ಸಿಕ್ಕಿಸಿ ನಡೆಯೋಣ. 1897ರಲ್ಲಿ ಬಾಸ್ಟನ್ನಿನಲ್ಲಿ ಹದಿನೈದೇ ಮಂದಿ ಹೊರಟರು. ಈಗ ಅಲ್ಲಿ ಸುಮಾರು ಮೂವತ್ತು ಸಾವಿರ ಮಂದಿ ಹೊರಡುತ್ತಾರೆ. ನಮ್ಮಲ್ಲಿ ಹದಿನೈದು ಮಂದಿ ಸಿಕ್ಕರೂ ಆರಂಭಕ್ಕೆ ಸಾಕು. ದಾರಿಯ ಬದಿಯಲ್ಲಿ ನಿಂತು ಚಪ್ಪಾಳೆ ತಟ್ಟುವವರೂ ಬೇಕು. ಆ ಕೆಲಸವನ್ನು ಒಂದು ವರ್ಷವಾದರೂ ಅಪ್ಪಂದಿರೂ ಅಣ್ಣಂದಿರೂ ವಹಿಸಿಕೊಳ್ಳಲಿ.

ಕಡೆಯದಾಗಿ ಒಂದು ಮಾತು. ಮ್ಯಾರಥಾನಿನ ಐತಿಹ್ಯದಲ್ಲಿ ಗೆಲವಿನ ವಾರ್ತೆಯನ್ನು ಹೊತ್ತು ಓಡಿದವನು ಗಂಡಸು. ಆದರೆ ನಮ್ಮ ಶಾಲೆಯ ಮಕ್ಕಳು ಬೆಳಗಿನ ಪ್ರಾರ್ಥನೆಯಲ್ಲಿ ಕೇಳಿ ಬಲ್ಲ ಯೋಹಾನನ ಸುವಾರ್ತೆಯ ಇಪ್ಪತ್ತನೆಯ ಅಧ್ಯಾಯವನ್ನು ತೆರೆದು ನೋಡಿರಿ. ಇನ್ನೂ ಕತ್ತಲಿರುವಾಗಲೇ ಸಮಾಧಿಯ ಬಳಿಗೆ ಹೋಗಿ, ಬಾಯಿಗಿಟ್ಟ ಕಲ್ಲು ಸರಿದಿರುವುದನ್ನು ಕಂಡು, ಶಿಷ್ಯರಿಗೆ ತಿಳಿಸುವುದಕ್ಕಾಗಿ ಎಲ್ಲರಿಗಿಂತ ಮೊದಲು ಓಡಿದವಳು ಮಗ್ದಲದ ಮರಿಯಳು. ಪೇತ್ರನೂ ಇನ್ನೊಬ್ಬ ಶಿಷ್ಯನೂ ಓಡಿದ್ದು ಆಮೇಲೆ. ಹೆಣ್ಣುಮಗಳು ಹಾಗೆ ಬೀದಿಯಲ್ಲಿ ಓಡಬಹುದೆ ಎಂದು ಆ ದಿನ ಅವಳನ್ನು ಯಾರಾದರೂ ತಡೆದಿದ್ದರೆ, ಆ ವಾರ್ತೆಯು ಎಷ್ಟು ತಡವಾಗಿ ಮುಟ್ಟುತ್ತಿತ್ತು!